ಹೊರಗಿನವರಿಲ್ಲದ ಮನೆಯಿಂದ ಇಂಗ್ಲೆಂಡಿಗೆ

ಲಂಡನ್ ವಿಮಾನ ನಿಲ್ದಾಣ

ವಿದೇಶಕ್ಕೆ ಹೋಗಿ ಬಂದವರೆಲ್ಲ ಮೊದಲು ಅಲ್ಲಿನ ರಸ್ತೆಗಳನ್ನು ಹೊಗಳುತ್ತಾರೆ. ನಾನು ಅಲ್ಲಿನ ಒಂದು ಕುರ್ಚಿಯನ್ನು ಹೊಗಳಿ ಶುರು ಮಾಡುತ್ತೇನೆ. ಪಾಸ್‌ಪೋರ್ಟ್ ತೋರಿಸುವ ಸಾಲಿನಲ್ಲಿ ನಿಂತಿದ್ದಾಗ ನನ್ನ ಮಗ ವೀರೇಶ ಎರಡು ಸಲ ವಾಲಿದ. ಹತ್ತೊಂಬತ್ತರ ಹುಡುಗ. ನಡೆದರೆ ಹೆಜ್ಜೆ ಅತ್ತಿತ್ತ ಬೀಳುತ್ತದೆ, ಕೈ ನಡುಗುತ್ತದೆ, ಮಾತು ನಾಲಗೆಗೆ ತೊಡರಿಕೊಂಡು ಹೊರಗೆ ಬರುತ್ತದೆ. ಗಾಜಿನ ಹಿಂದೆ ಕೂತಿದ್ದ ಅಧಿಕಾರಿ ಎದ್ದು ನಮ್ಮ ಕಡೆಗೇ ಬಂದ. ಈಗ ಹುಡುಗನ ಬಾಯಿ ಮೂಸುತ್ತಾನೆ ಎಂದುಕೊಂಡೆ. ಅವನು ಎಲ್ಲಿಂದಲೋ ಒಂದು ಕುರ್ಚಿ ಎಳೆದು ತಂದು, "ಹುಡುಗನಿಗೆ ಹುಷಾರಿಲ್ಲವೇ?" ಎಂದು ಕೇಳಿದ.

ಚಳ್ಳಕೆರೆಯಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಹಿರಿಯೂರಿಗೆ ಹೊರಟ ಬಸ್ಸಿನಿಂದ ಅವನನ್ನು ಇಳಿಸಿದ ಕಂಡಕ್ಟರ್, "ಬೆಳ್‌ಬೆಳಗ್ಗೇನೇ ಏರಿಸ್ಕೊಂಡು ಬಂದೀಯಾ, ಇಳಿಯಲೇ" ಎಂದಿದ್ದ. ಕಾಲೇಜಿನವರು ನನ್ನನ್ನು ಕರೆಸಿ, ಮಠಕ್ಕೆ ನಡೆದುಕೊಳ್ಳುವ ಮನೆತನದ ಹುಡುಗ ಹೀಗಾದರೆ ಹೇಗೆ ಎಂದು ಬುದ್ಧಿ ಹೇಳಿ ಕಳಿಸಿದ್ದರು. ಕೊನೆಗೆ ಆಸ್ಪತ್ರೆಯಲ್ಲಿ ಲಿವರ್ ಕೆಟ್ಟಿದೆ ಎಂದಾಗ ಊರಿಗಿದ್ದ ಚೂರುಪಾರು ಅನುಮಾನವೂ ಹೋಯಿತು. ನಮ್ಮ ಕಡೆ ಲಿವರ್ ಕೆಡುವುದು ಕುಡಿದವರಿಗೆ ಮಾತ್ರ. ನಮ್ಮದು ಶೇಂಗಾ ಎಣ್ಣೆಯ ಮಿಲ್ಲು. ಕಾಯಿ ಹಾಕಲು ಬರುವ ರೈತರು ಕೂಡ ನನ್ನ ಹತ್ತಿರ ಬಂದು, "ಹುಡ್ಗ ಈಗ ಬಿಟ್ನಾ ಸಾವ್ಕಾರೆ?" ಎಂದು ಮೆಲ್ಲಗೆ ವಿಚಾರಿಸುತ್ತಿದ್ದರು. ಹನಿ ಮುಟ್ಟದವನು ಏನನ್ನು ಬಿಡಬೇಕಿತ್ತೋ ನನಗೆ ಗೊತ್ತಿಲ್ಲ.

ಬೆಂಗಳೂರಿನ ಡಾಕ್ಟರು ಕಾಯಿಲೆ ಹಿಡಿದರು. ಊಟದ ಜೊತೆ ಮೈಗೆ ಸೇರುವ ತಾಮ್ರವನ್ನು ಎಲ್ಲರ ದೇಹವೂ ಹೊರಗೆ ಹಾಕುತ್ತದೆ, ಇವನ ದೇಹಕ್ಕೆ ಅದು ಆಗುವುದಿಲ್ಲ. ಅದು ಮೊದಲು ಲಿವರ್‌ನಲ್ಲಿ, ಆಮೇಲೆ ಮಿದುಳಿನಲ್ಲಿ ಸೇರಿಕೊಳ್ಳುತ್ತ ಹೋಗುತ್ತದೆ. ಹುಟ್ಟಿನಿಂದಲೇ ಬರುವ ಕಾಯಿಲೆ. ಕೊಟ್ಟ ಗುಳಿಗೆ ಇವನ ಮೈಗೆ ಒಗ್ಗಲಿಲ್ಲ. ಮೈಯೆಲ್ಲ ದದ್ದು, ಜ್ವರ. ಇನ್ನೊಂದು ಔಷಧಿ ಇತ್ತು, ಆಗ ನಮ್ಮ ದೇಶದಲ್ಲಿ ಸಿಗುತ್ತಿರಲಿಲ್ಲ. ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ಉತ್ತರ ಇಂಗ್ಲೆಂಡಿನಲ್ಲಿ ತಮಗೆ ಗುರುತಿನ ಡಾಕ್ಟರೊಬ್ಬರಿದ್ದಾರೆ ಎಂದು ಅವರೇ ವ್ಯವಸ್ಥೆ ಮಾಡಿದರು. ಹೀಗೆ ನಾವಿಬ್ಬರೂ ಮೇ ತಿಂಗಳಲ್ಲಿ ಹೊರಟೆವು. ಬೀದಿಯವರು, "ಪುಣ್ಯ ಮಾಡೀಯಪ್ಪ, ಫಾರಿನ್ ನೋಡ್ತೀಯ" ಎಂದು ಕೈ ಬೀಸಿ ಕಳಿಸಿಕೊಟ್ಟರು.

ನ್ಯೂಕ್ಯಾಸಲ್: ಮಿಸೆಸ್ ಡಾಡ್ಸ್ ಮನೆ

ನಾವು ಇಳಿದುಕೊಂಡದ್ದು ಮಿಸೆಸ್ ಡಾಡ್ಸ್ ಎಂಬ ವಿಧವೆಯ ಮನೆಯ ಮಹಡಿಯಲ್ಲಿ. ಆ ದೇಶದಲ್ಲಿ ಬಚ್ಚಲಿಗೂ ಕಾರ್ಪೆಟ್ ಹಾಸುತ್ತಾರೆ. ನನಗೆ ಯಾರು ಹೇಳಬೇಕು? ಮೊದಲ ದಿನ ಬೆಳಗ್ಗೆ, ಊರಲ್ಲಿ ಮಾಡಿದಂತೆ, ತೊಟ್ಟಿಯ ಹೊರಗೆ ಕೂತು ಮಗ್ಗಿನಿಂದ ಧಾರಾಳವಾಗಿ ಸುರಿದುಕೊಂಡೆ. ನೀರು ಕೆಳಗಿನ ಅಡುಗೆಮನೆಯ ಸೂರಿನಿಂದ ತೊಟ್ಟಿಕ್ಕಿತು. ಮಿಸೆಸ್ ಡಾಡ್ಸ್ ಒರೆಸುವ ಕೋಲು ಹಿಡಿದು ಮೇಲೆ ಬಂದಳು. ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಅವಳು ನನಗೇ 'ಸಾರಿ' ಅಂದಳು! ನಮ್ಮಲ್ಲಿ ತಮ್ಮ ತಪ್ಪಿಗೆ ನಿಮ್ಮನ್ನು ಬೈಯುತ್ತಾರೆ, ಇಲ್ಲಿ ನಿಮ್ಮ ತಪ್ಪಿಗೆ ತಾವು ಕ್ಷಮೆ ಕೇಳುತ್ತಾರೆ. ಬಸ್ಸಿನಿಂದ ಇಳಿಯುವಾಗ ಒಬ್ಬೊಬ್ಬರೂ ಡ್ರೈವರ್‌ಗೆ ಥ್ಯಾಂಕ್ಸ್ ಹೇಳುತ್ತಾರೆ. ಎರಡು ದಿನ ನಾನೂ ಹೇಳಿದೆ. ಮೂರನೇ ದಿನದಿಂದ ವೀರೇಶ ತಾನೇ ಹೇಳತೊಡಗಿದ. ಅವನ ತೊದಲು ಥ್ಯಾಂಕ್ಸ್ ಮುಗಿಯುವವರೆಗೆ ಡ್ರೈವರ್ ಬಾಗಿಲು ಹಾಕದೆ ಕಾಯುತ್ತಿದ್ದ.

ಮೊದಲ ಶನಿವಾರ ಸಂಜೆ ಊರು ನೋಡಲು ಹೊರಟೆವು. ಎಂಟು ಗಂಟೆಯಾದರೂ ಬಿಸಿಲಿತ್ತು. ಹೊಳೆಯ ಕಡೆಗೆ ಇಳಿಯುವ ಬೀದಿಯಲ್ಲಿ ಗಂಡಸರು, ಹೆಂಗಸರು, ಎಲ್ಲರೂ ಕುಡಿದು ವಾಲಾಡುತ್ತಿದ್ದರು. ಒಬ್ಬ ಕಂಬ ಹಿಡಿದುಕೊಂಡು ಅದಕ್ಕೆ ಕಷ್ಟ ಸುಖ ಹೇಳುತ್ತಿದ್ದ. ಇನ್ನೊಬ್ಬ ಬಂದು ವೀರೇಶನ ಹೆಗಲ ಮೇಲೆ ಕೈ ಹಾಕಿ ಹಾಡತೊಡಗಿದ. ಇಬ್ಬರ ಹೆಜ್ಜೆಯೂ ಸರಿಯಾಗಿ ಹೊಂದಿಕೊಂಡಿತು.

"ಅಪ್ಪಾ, ಇಲ್ಲಿ ನನ್ನ ಯಾರೂ ತಿರುಗಿ ನೋಡ್ತಿಲ್ಲ" ಎಂದ ವೀರೇಶ. ಮುಖ ಅರಳಿತ್ತು. "ಇಲ್ಲೇ ಇದ್ಬಿಡಾಣ."

ಇಡೀ ಊರು ನಿಜವಾಗಿ ಕುಡಿದಿದ್ದಾಗ ಮಾತ್ರ ನನ್ನ ಮಗನಿಗೆ ಮರ್ಯಾದೆ ಸಿಕ್ಕಿತು. ನಾನೂ ನಕ್ಕೆ.

ಆಸ್ಪತ್ರೆ: ಪ್ರಶ್ನೆಗಳ ದಿನ

ನಾಡಿ ನೋಡಿ, ರಕ್ತ ತೆಗೆದು, ಔಷಧಿ ಕೊಟ್ಟು ಕಳಿಸುತ್ತಾರೆ ಎಂದುಕೊಂಡು ಹೋಗಿದ್ದೆ. ರಕ್ತ ತೆಗೆದರು, ಕಣ್ಣಿಗೆ ದೀಪ ಬಿಟ್ಟು ಕರಿಗುಡ್ಡೆಯ ಸುತ್ತ ಇರುವ ಕಂದು ಬಳೆಯನ್ನು ನೋಡಿದರು. ಆ ಬಳೆಯೂ ತಾಮ್ರವೇ ಅಂತೆ. ಆಮೇಲೆ ಹೆಲೆನ್ ಎಂಬ ನರ್ಸು ಎದುರಿಗೆ ಕೂತು, ಹುಡುಗ ಹೇಗೆ ಬದುಕುತ್ತಿದ್ದಾನೆ ಎಂದು ಕೇಳತೊಡಗಿದಳು. ಲಿವರ್ ಎಷ್ಟು ಕೆಟ್ಟಿದೆ ಎಂಬುದನ್ನು ರಕ್ತ ಹೇಳುತ್ತದೆ, ದಿನಗಳು ಎಷ್ಟು ಕೆಟ್ಟಿವೆ ಎಂಬುದನ್ನು ಅವನೇ ಹೇಳಬೇಕು ಎಂದಳು.

ಅವನ ಮಾತು ಅವಳಿಗೆ ತಿಳಿಯದು. ಕನ್ನಡ ಬಲ್ಲವರು ಆ ಊರಲ್ಲಿ ಸಿಕ್ಕಿರಲಿಲ್ಲ. ಭಾರತದವರು ಎಂದ ಕೂಡಲೇ ಶಾಹೀನ್ ಎಂಬ ಉರ್ದು ಮಾತಾಡುವ ಹೆಂಗಸನ್ನು ಕರೆಸಿದ್ದರು. ಪಾಕಿಸ್ತಾನದಿಂದ ಬಂದ ಮನೆತನ, ನನ್ನದೇ ವಯಸ್ಸು. ನನ್ನ ಉರ್ದು ನಮ್ಮ ಮಿಲ್ಲಿನ ಮೆಕ್ಯಾನಿಕ್ ದಸ್ತಗೀರ್ ಸಾಬರಿಂದ ಕಲಿತದ್ದು. ಬೆಲ್ಟು ಹರಿದಾಗ, ಮೋಟರ್ ಸುಟ್ಟಾಗ ಆಡುವ ಉರ್ದು ಅದು. ನಾನು ಬಾಯಿ ಬಿಟ್ಟ ಕೂಡಲೇ ಶಾಹೀನ್ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆದರೂ ಬೇರೆ ದಾರಿ ಇರಲಿಲ್ಲ. ಹೆಲೆನ್ ಇಂಗ್ಲಿಷಿನಲ್ಲಿ ಕೇಳುವಳು, ಶಾಹೀನ್ ಉರ್ದುವಿಗೆ ತರುವಳು, ನಾನು ಕನ್ನಡಕ್ಕೆ ಇಳಿಸುವೆ. ಉತ್ತರ ಅದೇ ದಾರಿಯಲ್ಲಿ ತಿರುಗಿ ಹತ್ತಬೇಕು.

ಸುಸ್ತಾಗುತ್ತದೆಯೇ? ನಿದ್ದೆ ಬರುತ್ತದೆಯೇ? ಹೊಟ್ಟೆ ಉಬ್ಬರಿಸುತ್ತದೆಯೇ? ಯಾವಾಗಲೂ, ಬಹಳ ಸಲ, ಕೆಲವು ಸಲ, ಎಂದೂ ಇಲ್ಲ: ಇವುಗಳಲ್ಲಿ ಒಂದನ್ನು ಹೇಳಬೇಕು. ವೀರೇಶ ಪರೀಕ್ಷೆಗೆ ಕೂತವನಂತೆ ಯೋಚಿಸಿ ಉತ್ತರ ಕೊಟ್ಟ. ಆಮೇಲೆ ಹೆಲೆನ್ ಕೇಳಿದ್ದನ್ನು ಶಾಹೀನ್ ದನಿ ತಗ್ಗಿಸಿ ನನಗೆ ಹೇಳಿದಳು. ನಾನು ಅದನ್ನು ನನ್ನ ಮಗನಿಗೆ ಕೇಳಬೇಕಾಯಿತು.

"ಮನೆಯೋರಿಗೆ ಹೊರೆ ಆಗೀನಿ ಅನ್ನಿಸ್ತೈತೇನೋ ನಿಂಗೆ?"

ಅವನು ನನ್ನ ಮುಖ ನೋಡಿದ. "ಅದ್ನ ನೀನೇ ಹೇಳಪ್ಪ."

ನಾನು ಶಾಹೀನಳಿಗೆ, "ಎಂದೂ ಇಲ್ಲ ಅಂತಾನೆ" ಎಂದೆ.

"ಭಾಯ್ ಸಾಬ್, ಅವನು ನಿಮ್ಮ ಮುಖ ನೋಡಿಕೊಂಡು ಆಡಿದ್ದು ಬೇರೆ ಏನೋ" ಎಂದಳು ಶಾಹೀನ್. "ಅವನು ಹೇಳಿದ್ದನ್ನೇ ಹೇಳಿ."

ಹೇಳಿದೆ. ಹೆಲೆನ್ ಯಾವ ಉತ್ತರಕ್ಕೂ ಗುರುತು ಹಾಕದೆ ಮುಂದಿನ ಪ್ರಶ್ನೆಗೆ ಹೋದಳು. ನಿನ್ನನ್ನು ಎಷ್ಟು ಜನ ಕುಡುಕ ಎಂದಿದ್ದಾರೆ ಎಂಬ ಪ್ರಶ್ನೆ ಮಾತ್ರ ಅವಳ ಹತ್ತಿರ ಇರಲಿಲ್ಲ.

ಆಸ್ಪತ್ರೆ: ವಂಶ ಬರೆದ ದಿನ

ಎರಡು ದಿನ ಬಿಟ್ಟು ನಮ್ಮ ವಂಶ ಬರೆಯಲು ಕೂತರು. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ, ಮದುವೆಗೆ ಒಂದು ಗೆರೆ. ಬೇರೆಯವರ ವಂಶ ಕೆಳಗಿಳಿದಂತೆ ಹರಡಿಕೊಳ್ಳುತ್ತ ಹೋಗುತ್ತದೆ. ನಮ್ಮದು ಹಾಳೆಯ ನಡುವೆಯೇ ಸುತ್ತತೊಡಗಿತು.

ನನ್ನ ಹೆಂಡತಿ ಪಾರ್ವತಿ ನನ್ನ ಸ್ವಂತ ಅಕ್ಕನ ಮಗಳು. ಅಕ್ಕ ಗೌರಮ್ಮನನ್ನು ಮೊಳಕಾಲ್ಮುರಿಗೆ ಕೊಟ್ಟಿದ್ದೆವು, ಅವಳ ಮಗಳನ್ನು ನಾನು ತಂದುಕೊಂಡೆ. ಈಗ ನನ್ನ ಮಗಳು ಗಿರಿಜಾಳನ್ನು ಅಕ್ಕನ ಕಿರಿಮಗ ಮಹೇಶನಿಗೆ ಕೊಡುವುದೆಂದು ಮಾತಾಗಿತ್ತು. ಮದುವೆ ಕಾರ್ತೀಕದಲ್ಲಿ. ಇದನ್ನು ಹೇಳಿದಾಗ ಹೆಲೆನ್ ಕೈ ನಿಂತಿತು.

"ಈ ಮಹೇಶ ಹುಡುಗಿಗೆ ಏನಾಗಬೇಕು?"

"ತಾಯಿಯ ತಮ್ಮ."

"ನಿಮ್ಮ ಕಡೆಯಿಂದ?"

"ಸೋದರತ್ತೆಯ ಮಗ."

"ಇಬ್ಬರೂ ಒಬ್ಬನೇ?"

ಒಬ್ಬನೇ ಎಂದೆ. ಶಾಹೀನ್ ಎರಡೂ ಕೆನ್ನೆ ಬಡಿದುಕೊಂಡಳು. "ತೋಬಾ ತೋಬಾ! ಮಾಮೂನನ್ನು ಯಾರಾದರೂ ಮದುವೆಯಾಗುತ್ತಾರಾ?"

"ನಿಮ್ಮಲ್ಲಿ ಹೊರಗೇ ಕೊಡ್ತೀರೋ?" ನನಗೂ ಸಿಟ್ಟು ಬಂತು.

"ನಮ್ಮಲ್ಲಿ ಚಾಚಾನ ಮಗ. ನನ್ನ ಗಂಡ ನನ್ನ ಚಾಚಾನ ಮಗನೇ."

ಚಿಕ್ಕಪ್ಪನ ಮಗ ಎಂದರೆ ಒಡಹುಟ್ಟಿದ ಅಣ್ಣನ ಸಮ! ಈಗ ಕಿವಿ ಮುಚ್ಚಿಕೊಳ್ಳುವ ಸರದಿ ನನ್ನದು. ಒಬ್ಬರಿಗೊಬ್ಬರು ಹೇಸಿಕೊಂಡು ಕೂತೆವು. ಹೆಲೆನ್ ಇಬ್ಬರನ್ನೂ ನೋಡಿ, ಕಾಯಿಲೆ ಈ ವ್ಯತ್ಯಾಸವನ್ನೆಲ್ಲ ನೋಡುವುದಿಲ್ಲ ಎಂದಳು. ಅವಳು ಬಿಡಿಸಿ ಹೇಳಿದ್ದು ಇಷ್ಟು. ತಾಮ್ರ ಹೊರಹಾಕುವ ವಂಶವಾಹಿ ಪ್ರತಿಯೊಬ್ಬರಲ್ಲೂ ಜೋಡಿಯಾಗಿರುತ್ತದೆ, ಒಂದು ತಂದೆಯಿಂದ, ಒಂದು ತಾಯಿಯಿಂದ. ಒಂದು ಕೆಟ್ಟಿದ್ದರೆ ಏನೂ ಆಗುವುದಿಲ್ಲ, ಇದೆಯೆಂದೂ ತಿಳಿಯುವುದಿಲ್ಲ. ಎರಡೂ ಕೆಟ್ಟದ್ದೇ ಬಂದರೆ ಈ ಕಾಯಿಲೆ. ಹೊರಗಿನ ಹೆಣ್ಣು ತಂದಿದ್ದರೆ ಕೆಟ್ಟದ್ದಕ್ಕೆ ಕೆಟ್ಟದ್ದು ಎದುರಾಗುವುದು ಬಹಳ ಅಪರೂಪ. ನಾನೂ ಪಾರ್ವತಿಯೂ ಒಂದೇ ಮನೆತನದ ಆಸ್ತಿಯನ್ನು ಎರಡು ಕಡೆಯಿಂದ ತಂದು ವೀರೇಶನ ಮೈಗೆ ಸುರಿದಿದ್ದೆವು. ಗಿರಿಜಾಗೂ ಕಾಯಿಲೆ ಇರಬಹುದು, ಇನ್ನೂ ಹೊರಗೆ ಕಾಣದೆ ಇರಬಹುದು. ಇದ್ದರೆ ಈಗಲೇ ಔಷಧಿ ಶುರು ಮಾಡಿದರೆ ಅವಳು ಅಣ್ಣನ ಹಾಗೆ ಆಗುವುದಿಲ್ಲ. ಅವಳದೂ ಮಹೇಶನದೂ ಪರೀಕ್ಷೆ ಆಗುವವರೆಗೆ ಮದುವೆಯ ಮಾತು ನಿಲ್ಲಿಸಿ ಎಂದಳು.

ಆಮೇಲೆ ಊಟದ ವಿಚಾರ. ಶೇಂಗಾ ತಿನ್ನಬಾರದೆಂದರು. ಬೆಂಗಳೂರಿನಲ್ಲಿ ಬಾದಾಮಿ, ಗೋಡಂಬಿ ಬೇಡ ಎಂದಿದ್ದರು, ಬಿಟ್ಟಿದ್ದೆವು. ಶೇಂಗಾ ಹೊಲದಲ್ಲಿ ಬೆಳೆಯುವ ನಮ್ಮ ದಿನದ ಊಟ, ಅದು ಆ ಸಾಲಿಗೆ ಸೇರುತ್ತದೆಂದು ಯಾರಿಗೆ ಹೊಳೆಯಬೇಕು? ದಿನಾ ಎರಡು ಹೊತ್ತೂ ಶೇಂಗಾ ಚಟ್ನಿಪುಡಿ ಹಾಕಿದ್ದೆವು. ಈ ಊರಿಗೂ ಒಂದು ಡಬ್ಬಿ ತಂದಿದ್ದೆವು. ಹೆಲೆನ್ ಕೊನೆಗೆ, ತಾಮ್ರದ ಪಾತ್ರೆ ಬಳಸುತ್ತೀರಾ ಎಂದು ಕೇಳಿದಳು. ಇಲ್ಲ, ತಾಮ್ರದ ಚೊಂಬನ್ನು ಆಗಲೇ ಅಟ್ಟಕ್ಕೆ ಹಾಕಿದ್ದೇವೆ ಎಂದು ಜಂಬದಿಂದ ಹೇಳಿದೆ.

ವೀರೇಶ ಪಕ್ಕದಲ್ಲಿ ಕೂತಲ್ಲೇ ನನ್ನ ತೋಳು ಮುಟ್ಟಿದ.

"ಇಳಿಸ್ಯಾರಪ್ಪ."

"ಏನ್ಲೇ?"

"ಚೊಂಬು. ಗುಳಿಗಿ ತಗಂಡು ಮೈಯೆಲ್ಲ ದದ್ದು ಬಂತಲ್ಲ, ಆವಾಗ ಅಜ್ಜಿ ಬಂದಿದ್ಲು. ಔಷಧಿ ಉಷ್ಣ ಆಗೈತೆ, ತಾಮ್ರದ ನೀರು ಲಿವರ್‌ಗೆ ತಂಪು ಅಂದ್ಲು. ರಾತ್ರಿ ತುಂಬಿಟ್ಟು ದಿನಾ ಬೆಳಗ್ಗೆ ಅವ್ವನ ಕೈಲಿ ಕೊಡಿಸ್ತಿದ್ಲು. ಅಪ್ಪಗೆ ಹೇಳಬ್ಯಾಡ, ಕೂಗಾಡ್ತಾನೆ ಅಂದಾಳೆ."

"ನಿಂಗೆ ಗೊತ್ತಿತ್ತಲ್ಲೋ ತಾಮ್ರ ಆಗಲ್ಲ ಅಂತ!"

"ಗೊತ್ತಿತ್ತು. ಅವ್ವ ಅಳ್ತಿದ್ಲು. ಕುಡೀಲಿಲ್ಲ ಅಂದ್ರೆ ಅಜ್ಜಿ ಅವ್ವನ್ನ ಬೈತಿದ್ಲು. ಕುಡಿದೆ."

ಆ ಮಾತನ್ನು ಉರ್ದುವಿಗೆ ತರಲು ನನ್ನ ನಾಲಗೆ ಏಳಲಿಲ್ಲ. ಬೇರೆ ಮನೆಗಳಲ್ಲಿ ಗಂಡನ ತಾಯಿ ಒಂದು ಹೇಳಿದರೆ ಹೆಂಡತಿಯ ತಾಯಿ ಇನ್ನೊಂದು ಹೇಳುತ್ತಾಳೆ. ಜಗಳವಾಗುತ್ತದೆ. ಆ ಜಗಳದಲ್ಲಿ ನಿಜ ಎಲ್ಲೋ ಒಂದು ಕಡೆ ಬಾಯಿ ಬಿಡುತ್ತದೆ. ನಮ್ಮ ಮನೆಯಲ್ಲಿ ಹಾಗೆ ಜಗಳವಾಡಲು ಹೊರಗಿನವರು ಯಾರೂ ಇಲ್ಲ. ನನ್ನ ಅವ್ವ ಹೋದ ಮೇಲೆ ಮನೆಗೆ ಹಿರಿಯಳು ಅಕ್ಕ, ಹೆಂಡತಿಯ ತಾಯಿ ಅಕ್ಕ, ಮಕ್ಕಳ ಅಜ್ಜಿ ಅಕ್ಕ. ನಮ್ಮೊಳಗೆ ಹೊರಗಿನ ರಕ್ತ ಬರಲಿಲ್ಲ, ಹೊರಗಿನ ಮಾತೂ ಬರಲಿಲ್ಲ. ಕೊನೆಗೆ ಎಲ್ಲವನ್ನೂ ಹೇಳಿದೆ. ಶಾಹೀನ್ ಅದನ್ನು ಇಂಗ್ಲಿಷಿಗೆ ತಂದಳು, ಈ ಸಲ ಕೆನ್ನೆ ಬಡಿದುಕೊಳ್ಳಲಿಲ್ಲ.

ಬೀದಿಯ ಫೋನ್ ಡಬ್ಬಿ

ಮಧ್ಯಾಹ್ನವೇ ಮೊಳಕಾಲ್ಮುರಿಗೆ ಫೋನ್ ಮಾಡಿದೆ. ಕೆಂಪು ಡಬ್ಬಿಯ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ನಾನು ಕೂಗುತ್ತಿದ್ದುದನ್ನು ಕಂಡು ಒಬ್ಬ ಮುದುಕ ನಾಯಿಯನ್ನು ಎಳೆದುಕೊಂಡು ಬೀದಿಯ ಆಚೆ ಬದಿಗೆ ಹೋದ.

ಚೊಂಬಿನ ವಿಚಾರಕ್ಕೆ ಅಕ್ಕನ ಮೇಲೆ ಹರಿಹಾಯ್ದೆ. ಅವಳು ಅಳಲಿಲ್ಲ, ಅಲ್ಲಗಳೆಯಲೂ ಇಲ್ಲ. "ನೀರು ಕೊಟ್ಟೀನಿ ಕಣೋ, ವಿಷ ಕೊಟ್ಟಿಲ್ಲ" ಎಂದಳು.

"ಗಿರಿಜಂದು, ಮಹೇಶಂದು ರಕ್ತ ಪರೀಕ್ಷೆ ಆಗ್ಬೇಕು. ಅಲ್ಲೀತಂಕ ಮದ್ವೆ ಮಾತಿಲ್ಲ. ಊರಿಗೆ ಬಂದು ನಾನೇ ಬೆಂಗಳೂರಿಗೆ ಕರ್ಕೊಂಡು ಹೋಗ್ತೀನಿ. ಕೇಳಿಸ್ತೇನಕ್ಕ?"

"ಕೇಳಿಸ್ತಪ್ಪ. ನೀನು ಆರಾಮಾಗಿ ಹುಡ್ಗನ್ನ ತೋರಿಸ್ಕೊಂಡು ಬಾ. ಇಲ್ಲೀ ಚಿಂತಿ ನಮಗಿರ್ಲಿ."

ಅಕ್ಕ ಜೀವನದಲ್ಲಿ ಮೊದಲ ಸಲ ನನ್ನ ಮಾತಿಗೆ ಒಪ್ಪಿದಳು ಎಂದುಕೊಂಡು ಹಗುರಾಗಿ ಹೊರಗೆ ಬಂದೆ.

ಟೈನ್‌ಮತ್ ಸಮುದ್ರ

ಹೊಸ ಔಷಧಿ ವೀರೇಶನಿಗೆ ಒಗ್ಗಿತು. ದದ್ದು ಬರಲಿಲ್ಲ, ಜ್ವರ ಬರಲಿಲ್ಲ. ಅದನ್ನು ಸದಾ ತಣ್ಣಗೆ ಇಡಬೇಕು ಎಂದಾಗ, ನಮ್ಮೂರಿನ ಕರೆಂಟಿನ ಬಗ್ಗೆ ಹೆಲೆನ್‌ಗೆ ಹೇಗೆ ತಿಳಿಸಲಿ ಎಂದು ಬೇರೆ ಒದ್ದಾಡಿದೆ. ಹೊರಡುವ ಮುಂಚಿನ ಭಾನುವಾರ ಶಾಹೀನ್ ತನ್ನ ಕಾರಿನಲ್ಲಿ ನಮ್ಮನ್ನು ಸಮುದ್ರಕ್ಕೆ ಕರೆದುಕೊಂಡು ಹೋದಳು. ಕಾಗದದಲ್ಲಿ ಸುತ್ತಿಕೊಟ್ಟ ಕರಿದ ಆಲೂಗಡ್ಡೆ ಬಿಸಿಯಾಗಿತ್ತು. ಒಂದು ದಪ್ಪ ಬಿಳಿ ಹಕ್ಕಿ ವೀರೇಶನ ಕೈಗೇ ಎರಗಿ ಅರ್ಧ ಎತ್ತಿಕೊಂಡು ಹೋಯಿತು. ನಮ್ಮ ಕಾಗೆಗಳು ಇದರ ಮುಂದೆ ಸಂಭಾವಿತರು. ವೀರೇಶ ಮರಳಲ್ಲಿ ಅದನ್ನು ಬೈಯುತ್ತ ನಡೆದ.

ಶಾಹೀನ್ ಆಗ ತನ್ನ ವಿಚಾರ ಹೇಳಿದಳು. ಅವಳ ಇಬ್ಬರು ಗಂಡುಮಕ್ಕಳು ಹುಟ್ಟಿದ ವರ್ಷದಲ್ಲೇ ತೀರಿಕೊಂಡಿದ್ದರು. ಉಳಿದವಳು ಒಬ್ಬಳೇ ಮಗಳು. ಅವಳನ್ನು ಅಣ್ಣ ತನ್ನ ಮಗನಿಗೆ ಕೇಳಿದ.

"ಕೊಡುವುದಿಲ್ಲ ಎಂದೆ. ಅವತ್ತಿನಿಂದ ಅಣ್ಣ ನಮ್ಮ ಬಾಗಿಲು ತುಳಿದಿಲ್ಲ. ಈದ್‌ಗೂ ಬರುವುದಿಲ್ಲ, ಸಾವಿಗೂ ಬರುವುದಿಲ್ಲ. ನಿಮ್ಮ ಅಕ್ಕನೂ ಬಿಡುತ್ತಾಳೆ. ಅದಕ್ಕೆ ಸಿದ್ಧರಿದ್ದೀರಾ?"

"ಅಕ್ಕ ಒಪ್ಪಿದಾಳೆ" ಎಂದೆ.

"ಅಷ್ಟು ಬೇಗ?" ಎಂದು ಕೇಳಿ ಸಮುದ್ರದ ಕಡೆ ತಿರುಗಿದಳು.

ಚಳ್ಳಕೆರೆ

ಬೆಂಗಳೂರಿನಿಂದ ಮಂಜುಗಡ್ಡೆಯ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಾಡಿಗೆ ಕಾರಿನಲ್ಲಿ ಮನೆ ತಲುಪಿದೆವು. ಬಾಗಿಲಿಗೆ ಮಾವಿನ ತೋರಣವಿತ್ತು, ಎಲೆ ಒಣಗಿ ಸುರುಟಿಕೊಂಡಿತ್ತು. ನಮಗಾಗಿ ಕಟ್ಟಿದ್ದರೆ ಹಸಿರಾಗಿರಬೇಕಿತ್ತಲ್ಲ ಎಂದು ಯೋಚಿಸುತ್ತಲೇ ಒಳಗೆ ಹೋದೆ. ಪಾರ್ವತಿ ನೀರು ತಂದಳು. ಮುಖ ಎತ್ತಲಿಲ್ಲ.

"ಗಿರಿಜಾ ಎಲ್ಲಿ?"

ಮದುವೆಯಾಗಿ ಇಷ್ಟು ವರ್ಷವಾದರೂ ಪಾರ್ವತಿ ನನ್ನನ್ನು ಚಿಕ್ಕಂದಿನಂತೆ ಮಾವ ಎಂದೇ ಕರೆಯುತ್ತಾಳೆ. "ಮಾವ, ಕೂಗಾಡಬ್ಯಾಡ. ನೀನು ಫೋನ್ ಮಾಡಿದ ಮರುದಿನವೇ ಅವ್ವ ಬಂದ್ಲು. ಅಯ್ಯನೋರ ಹತ್ರ ದಿನ ಇಡಿಸ್ಕೊಂಡೇ ಬಂದಿದ್ಲು. ಮಠದಾಗೆ ಮದ್ವೆ ಆತು. ನಿನ್ನ ಜಾಗದಾಗೆ ನಿನ್ನ ತಮ್ಮ ನಿಂತು ಧಾರೆ ಎರೆದ."

"ನೀನೇನು ಮಾಡ್ತಿದ್ದೆ?"

"ಕೊಡೋದು ನನ್ನ ಮಗಳ್ನ, ತಗಳ್ಳೋನು ನನ್ನ ತಮ್ಮ, ಕೇಳಾಕಿ ನಮ್ಮವ್ವ. ಯಾರಿಗೆ ಬ್ಯಾಡ ಅನ್ಲಿ ನಾನು?" ಎಂದು ಅತ್ತಳು.

ಒಳ್ಳೆಯ ಸುದ್ದಿಯೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ವೀರೇಶನ ಕೈ ಈಗ ಮೊದಲಿನಷ್ಟು ನಡುಗುವುದಿಲ್ಲ, ಮಾತು ತಿಳಿಯುತ್ತದೆ. ಊರಿನವರು ಇಂಗ್ಲೆಂಡಿಗೆ ಹೋಗಿ ಕುಡಿತ ಬಿಡಿಸಿಕೊಂಡು ಬಂದ ಎಂದು ಮಾತಾಡಿಕೊಳ್ಳುತ್ತಾರೆ.

ಮೊಳಕಾಲ್ಮುರು

ಮರುದಿನ ಬೆಳಗ್ಗೆಯೇ ಹೋದೆ. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಅಕ್ಕ ಜಗಲಿಯ ಮೇಲೆಯೇ ಕೂತಿದ್ದಳು.

"ಬೈಯ್ಯಪ್ಪ, ಬೈದು ಹಗುರ ಮಾಡ್ಕೋ" ಎಂದಳು. "ಆಮ್ಯಾಲೆ ನಾನು ಕೇಳೋದಕ್ಕೆ ಹೇಳು. ಅಣ್ಣಗೆ ಹುಟ್ಟಿದಾಗ್ಲಿಂದ ಬಂದ ರೋಗ, ತಂಗೀಗೂ ಇರಬೋದು ಅಂತ ಊರಿಗೆ ಗೊತ್ತಾದ್ರೆ ಆ ಹುಡ್ಗೀನ ಹೊರಗಿನೋರು ಯಾರು ತಗೋತಾರೆ? ಪರೀಕ್ಷೆಲಿ ಐತೆ ಅಂತ ಬಂದ್ರೆ ಕಟ್ಕೊಂಡು ಮೂಲ್ಯಾಗೆ ಕೂರಿಸ್ತಿದ್ಯಾ? ನನ್ನ ಮಗ ಬ್ಯಾಡ ಅಂದ್ನಾ? ನಿನ್ನ ಮಗಳ ಬಾಳು ಉಳಿಸೀನಿ ಕಣೋ ನಾನು."

ಅವಳ ಕಣ್ಣಲ್ಲಿ ನೀರಿತ್ತು. ಸುಳ್ಳು ನೀರಲ್ಲ. ನನಗೆ ಅವಳ ಕುತ್ತಿಗೆ ಹಿಸುಕುವಷ್ಟು ಸಿಟ್ಟಿತ್ತು, ಅವಳೇ ನನ್ನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ಎಂಬುದೂ ನೆನಪಿತ್ತು.

ಹಿತ್ತಲಲ್ಲಿ ಗಿರಿಜಾ ಸಿಕ್ಕಳು. ಹೊಸ ರೇಷ್ಮೆ ಸೀರೆ ಅವಳಿಗೆ ಭಾರವಾದಂತಿತ್ತು. ಕಟ್ಟೆಯ ಮೇಲೆ ನನ್ನ ಪಕ್ಕ ಕೂತಳು.

"ಅಪ್ಪಾ, ಆ ಪರೀಕ್ಷೆ ನಂಗೆ ಮಾಡಿಸ್ತೀಯಾ?"

"ಮಾಡಿಸ್ತೀನವ್ವ. ನಾಳೇನೇ ಬಾ, ಬೆಂಗಳೂರಿಗೆ ಹೋಗಾಣ. ಇದ್ದರೂ ಔಷಧಿ ಐತೆ. ಅಣ್ಣನ ಹಂಗೆ ಆಗಾಕೆ ನಾನು ಬಿಡಲ್ಲ."

"ಮಾವನ್ನ ಕೇಳಿದೆ. ತನ್ನವ್ವ ಕಳಿಸಿದ್ರೆ ಹೋಗು ಅಂದ." ಅವಳಿಗೂ ಮಹೇಶ ಇನ್ನೂ ಮಾವನೇ. "ಅಜ್ಜಿನ್ನ ಕೇಳಿದೆ. ಬ್ಯಾಡ ಅಂದ್ಲು. ಚಳ್ಳಕೆರಿಗೆ ನಮ್ಮವ್ವಗೆ ಹೇಳಿಕಳಿಸಿದೆ. ಅಜ್ಜಿ ಹೇಳಿದಂಗೆ ಕೇಳು ಅಂದ್ಲು." ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಅತ್ತೆ ಮನೇಲಿ ಕಷ್ಟ ಆದ್ರೆ ಹೆಣ್ಮಕ್ಳು ತವರಿಗೆ ಹೋಗಿ ಹೇಳ್ತಾರೆ. ತವರ್ನಾಗೆ ಕೇಳ್ಲಿಲ್ಲ ಅಂದ್ರೆ ಅಜ್ಜಿ ಮನಿಗೆ ಹೋಗ್ತಾರೆ. ನಾನು ಎಲ್ಲಿಗೆ ಹೋಗ್ಲಪ್ಪಾ?"

ಒಳಗಿನಿಂದ ಅಕ್ಕ ಊಟಕ್ಕೆ ಕರೆದಳು. ಇಬ್ಬರೂ ಎದ್ದು ಒಳಗೆ ಹೋದೆವು.